ಗಂಗಾಧರಯ್ಯನವರು ವಾಪಸ್ ಇಡದ ಡ್ರಾಯಿಂಗು

ನಾನು ಮೂವತ್ತು ವರ್ಷ ಕಾಲ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಾಗಿ ಜಗಳವಾಡಿ ಸಂಬಳ ತೆಗೆದುಕೊಂಡವನು. ಇಂಥವನಿಗೆ ವಿಚಿತ್ರ ಅನುಭವವಾಗುವುದು ಶೋಭೆಯಲ್ಲ. ಆದರೂ ಆಯಿತು. ಆದದ್ದನ್ನು ಆಗಲಿಲ್ಲ ಎನ್ನುವುದಕ್ಕೆ ನಾನೇನು ಮಾರಾಟ ವಿಭಾಗದವನಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಅದಕ್ಕೆ ಮುಂಚೆ ಇಂಥ ಕಥೆಗಳಿಗೆ ನಾನು ಬಹಳ ಕೆಟ್ಟ ಕೇಳುಗ. ನನ್ನ ಷಡ್ಡಕ ಒಮ್ಮೆ ದೇವರಾಯನದುರ್ಗದ ಕಾಡುದಾರಿಯಲ್ಲಿ ಬರುವಾಗ ಬೈಕಿನ ಹಿಂದಿನ ಸೀಟಿನಲ್ಲಿ ಯಾರೋ ಬಂದು ಕೂತಂತಾಯಿತು ಎಂದು ಮನೆಯವರೆಲ್ಲರ ಎದುರು ಹೇಳಿದ. ಹೆಂಗಸರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಾನು, ಹಿಂದಿನ ಟೈರು ಎಷ್ಟು ತಗ್ಗಿತು, ಬಂದವರ ತೂಕ ಅಂದಾಜು ಎಷ್ಟಿರಬಹುದು ಎಂದು ವಿಚಾರಿಸಿದೆ. ಅವನು ಇವತ್ತಿಗೂ ನನ್ನೊಡನೆ ಅಷ್ಟಕ್ಕಷ್ಟೇ. ಇಂಥವು ರಾತ್ರಿಯೇ ನಡೆಯಬೇಕೆಂಬ ಪದ್ಧತಿಯೂ ಇದೆಯಂತೆ. ನನ್ನದು ನಡೆದದ್ದು ಹಾಡಹಗಲು, ಆಯುಧ ಪೂಜೆಯ ದಿನ, ಊಟಕ್ಕೆ ಸ್ವಲ್ಪ ಮುಂಚೆ. ಓದುಗರು ಹೊಂದಿಕೊಳ್ಳಬೇಕು.

ನಾನಿರುವುದು ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಡಿಸೈನ್ ಸೆಕ್ಷನ್ನಿನ ಮುಖ್ಯಸ್ಥನೆಂಬ ದೊಡ್ಡ ಹೆಸರಿನ ಸಣ್ಣ ಕುರ್ಚಿಯ ಮೇಲೆ. ದನಕರುಗಳಿಗೆ ಮೇವು ಕತ್ತರಿಸುವ ಯಂತ್ರ ಮಾಡುತ್ತೇವೆ. ಅದರ ಡ್ರಾಯಿಂಗುಗಳೆಲ್ಲ ಕಂಪ್ಯೂಟರಿನೊಳಗೆ, ವಾಲ್ಟು ಎಂಬ ತಂತ್ರಾಂಶದಲ್ಲಿರುತ್ತವೆ. ಮದುವೆ ಮನೆಯ ಉಗ್ರಾಣ ನೆನಪು ಮಾಡಿಕೊಳ್ಳಿ. ಉಗ್ರಾಣದಿಂದ ಒಂದು ಹಂಡೆ ಹೊರಗೆ ಹೋದರೆ ಯಾರ ಹೆಸರಿನಲ್ಲಿ ಹೋಯಿತೆಂದು ಬರೆದಿರುತ್ತದೆ. ಅವರು ವಾಪಸ್ ತಂದಿಡುವ ತನಕ ಇನ್ನೊಬ್ಬರಿಗೆ ಆ ಹಂಡೆ ಇಲ್ಲ. ವಾಲ್ಟೂ ಹಾಗೆಯೇ. ಒಂದು ಡ್ರಾಯಿಂಗನ್ನು ತಿದ್ದಬೇಕೆಂದರೆ ಚೆಕ್ ಔಟ್ ಮಾಡಬೇಕು, ತಿದ್ದಿದ ಮೇಲೆ ಚೆಕ್ ಇನ್ ಮಾಡಬೇಕು. ನಡುವೆ ಬೇರೆಯವರು ನೋಡಬಹುದೇ ಹೊರತು ಮುಟ್ಟುವ ಹಾಗಿಲ್ಲ. ಒಂದೇ ಡ್ರಾಯಿಂಗನ್ನು ಇಬ್ಬರು ಎರಡು ಥರ ತಿದ್ದಿ ಅನರ್ಥ ಮಾಡದಿರಲೆಂದು ಈ ವ್ಯವಸ್ಥೆ.

ಕಾಗದದ ಮೇಲೆ ಇಷ್ಟು ಚೆಂದ. ನಿಜದಲ್ಲಿ ನನ್ನ ವೃತ್ತಿಜೀವನದ ಉತ್ತರಾರ್ಧ ಪೂರ್ತಿ ಚೆಕ್ ಔಟ್ ಮಾಡಿ ವಾಪಸ್ ಇಡದೆ ಹೋದವರನ್ನು ಹುಡುಕುವುದರಲ್ಲಿ ಸವೆದಿದೆ. ಒಬ್ಬ ಗೇರ್ ಬಾಕ್ಸನ್ನು ತೆಗೆದುಕೊಂಡು ತಂಗಿಯ ಮದುವೆಗೆ ಹೋಗಿ ಒಂಬತ್ತು ದಿನ ಫೋನ್ ಎತ್ತಲಿಲ್ಲ. ಕರೆಂಟು ಹೋದರೆ ಫೈಲು ಹೊರಗೂ ಇಲ್ಲದೆ ಒಳಗೂ ಇಲ್ಲದೆ ತ್ರಿಶಂಕು. ಇವಕ್ಕೆಲ್ಲ ನನ್ನಲ್ಲಿ ಔಷಧವಿತ್ತು. ಮೊದಲು ಬೈಗುಳ; ಅದಕ್ಕೆ ಜಗ್ಗದಿದ್ದರೆ ಕಂಪ್ಯೂಟರನ್ನು ಆರಿಸಿ ಹತ್ತಿಸುವುದು; ಅದಕ್ಕೂ ಜಗ್ಗದಿದ್ದರೆ ನನ್ನ ಅಧಿಕಾರ ಬಳಸಿ ಚೆಕ್ ಔಟನ್ನೇ ರದ್ದು ಮಾಡುವುದು. ಈ ಮೂರನೆಯದು ಬ್ರಹ್ಮಾಸ್ತ್ರ. ಅದು ವಿಫಲವಾದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಈಗ ಗಂಗಾಧರಯ್ಯನವರ ವಿಷಯ ಹೇಳಬೇಕು. ನನಗಿಂತ ವಯಸ್ಸಿನಲ್ಲಿ ಹಿರಿಯರು, ಹುದ್ದೆಯಲ್ಲಿ ನನ್ನ ಕೈಕೆಳಗಿದ್ದವರು; ಇಬ್ಬರಿಗೂ ಇದರಿಂದ ಮುಜುಗರವಿತ್ತು, ಇಬ್ಬರೂ ಅದನ್ನು ಮರ್ಯಾದೆಯಿಂದ ಮುಚ್ಚಿಟ್ಟಿದ್ದೆವು. ಡ್ರಾಯಿಂಗ್ ಬೋರ್ಡಿನ ಮೇಲೆ ಪೆನ್ಸಿಲಿನಲ್ಲಿ ಎಳೆಯುತ್ತಿದ್ದ ಕಾಲದವರು. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು, ಮೌಸನ್ನು ಕೊನೆಯವರೆಗೂ ಬೇರೆಯವರ ಮನೆಯ ಮಗುವನ್ನು ಹಿಡಿದಂತೆ ಹಿಡಿದರು. ಆಯುಧ ಪೂಜೆಗೆ ಮುಂಚೆ ಒಂದು ಡ್ರಾಯಿಂಗೂ ಯಾರ ಹೆಸರಿನಲ್ಲೂ ಹೊರಗಿರಬಾರದು ಎಂಬ ಕಟ್ಟಳೆ ನಮ್ಮ ಸೆಕ್ಷನ್ನಿನಲ್ಲಿ ಬಂದದ್ದು ಅವರಿಂದ. "ಆಯುಧ ಎಲ್ಲಾ ಅಮ್ಮನ ಮುಂದೆ ಇರ್ಬೇಕು ಸಾರ್. ಒಂದ್ ಹೊರಗುಳುದ್ರೂ ಅದು ಪೂಜೆ ಅಲ್ಲ" ಎನ್ನುತ್ತಿದ್ದರು. ಡ್ರಾಯಿಂಗುಗಳು ಕಬ್ಬಿಣದ ಬೀರುವಿನಲ್ಲಿದ್ದ ಕಾಲದಲ್ಲಿ ಹುಟ್ಟಿದ ಈ ಪದ್ಧತಿಯನ್ನು ನಾವು ವಾಲ್ಟಿಗೂ ಮುಂದುವರಿಸಿದೆವು. ಹಬ್ಬದ ಹಿಂದಿನ ಸಂಜೆ ಎಲ್ಲರೂ ಎಲ್ಲವನ್ನೂ ಚೆಕ್ ಇನ್ ಮಾಡುವುದು, ಬೆಳಿಗ್ಗೆ ವಾಲ್ಟು ಇರುವ ಸರ್ವರನ್ನು ಆರಿಸಿ ಅದಕ್ಕೆ ಕುಂಕುಮ ಹಚ್ಚುವುದು, ವಿಜಯದಶಮಿಯ ದಿನ ಮತ್ತೆ ಹತ್ತಿಸುವುದು. ಅವರು ನಿವೃತ್ತರಾಗಿ ಕುಣಿಗಲ್ಲಿನ ತಮ್ಮ ಮನೆ ಸೇರಿ ಮೂರು ವರ್ಷವಾಗಿತ್ತು. ವಾಲ್ಟಿನಲ್ಲಿ ಅವರ ಹೆಸರನ್ನು ಅಳಿಸುವಂತಿರಲಿಲ್ಲ, ಏಕೆಂದರೆ ಅರ್ಧ ಯಂತ್ರ ಅವರ ಹೆಸರಿನಲ್ಲಿತ್ತು; ಆದ್ದರಿಂದ ಖಾತೆಯನ್ನು ಬಂದ್ ಮಾಡಿ ಹಾಗೆಯೇ ಬಿಟ್ಟಿದ್ದೆವು. ಬಂದ್ ಮಾಡಿದವನು ನಾನೇ.

ಆ ವರ್ಷ ಹಬ್ಬಕ್ಕೆ ಆರು ದಿನವಿದ್ದಾಗ, ಸಂಜೆ ಮಾಲೀಕರ ಕೋಣೆಯಲ್ಲಿ ಒಂದು ಮೀಟಿಂಗ್ ನಡೆಯಿತು. ನಮ್ಮ ಯಂತ್ರಕ್ಕೆ ತಗಡಿನ ಉದ್ದನೆಯ ಒಂದು ಬಾಯಿ ಇದೆ. ಹುಲ್ಲನ್ನು ಅದರೊಳಗೆ ಕೈಯಿಂದ ತಳ್ಳಬೇಕು. ಆಚೆ ತುದಿಯಲ್ಲಿ ಎರಡು ರೋಲರುಗಳು ಹುಲ್ಲನ್ನು ಕಚ್ಚಿ ಎಳೆದು ಬ್ಲೇಡಿಗೆ ಕೊಡುತ್ತವೆ. ಈ ಬಾಯಿಯ ಮೇಲಿನ ಮುಚ್ಚಳಕ್ಕೆ ಕಾರ್ಖಾನೆಯಲ್ಲಿ ಎಲ್ಲರೂ ಮೂತಿ ಎನ್ನುತ್ತಾರೆ. ಮೂತಿಯ ಉದ್ದ ಏಳುನೂರ ಐವತ್ತು ಮಿಲಿಮೀಟರ್. ನಿಯಮದ ಪುಸ್ತಕ ಕೇಳುವುದಕ್ಕಿಂತ ಅದು ಜಾಸ್ತಿಯೇ ಇತ್ತು. ಯಾಕೆ ಜಾಸ್ತಿ ಎಂದು ಡ್ರಾಯಿಂಗಿನಲ್ಲಿ ಎಲ್ಲೂ ಬರೆದಿರಲಿಲ್ಲ. ನೂರು ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಗೇಣು ಕಡಿಮೆ ಮಾಡಿದರೆ ಒಂದು ತಗಡಿನಲ್ಲಿ ಮೂರರ ಬದಲು ನಾಲ್ಕು ಮೂತಿ ಕೂರುತ್ತವೆ ಎಂದು ಕಂಡುಹಿಡಿದು, ಲೆಕ್ಕ ಹಾಕಿ ತೋರಿಸಿ, ಮಾಲೀಕರಿಂದ ಭೇಷ್ ಎನ್ನಿಸಿಕೊಂಡವನು ನಾನು. ತಗಡು ಕತ್ತರಿಸುವುದು ಗುಬ್ಬಿಯ ಬಸವರಾಜುವಿನ ವರ್ಕ್‌ಶಾಪಿನಲ್ಲಿ. ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಗಳಿಗೆಯಲ್ಲಿ ನಮ್ಮ ಮೂತಿಯಿಂದಲೇ ಅವನು ಹೊಸ ಕಟಿಂಗ್ ಮಷೀನಿಗೆ ಆರಂಭ ಮಾಡುವುದೆಂದು ಮಾತಾಯಿತು. ಅಷ್ಟರೊಳಗೆ ತಿದ್ದಿದ ಡ್ರಾಯಿಂಗು ಅವನ ಕೈಲಿರಬೇಕು. ಹತ್ತು ನಿಮಿಷದ ಕೆಲಸ ಎಂದೆ. ಆ ಮಾತನ್ನು ಆಮೇಲೆ ಆರು ದಿನ ಮಾಲೀಕರು ನನಗೆ ನೆನಪಿಸಿದರು.

ಮರುದಿನ ಬೆಳಿಗ್ಗೆ ಕೆಲಸವನ್ನು ಮಂಜುಳಳಿಗೆ ವಹಿಸಿದೆ. ಗುಬ್ಬಿಯಿಂದ ರೈಲಿನಲ್ಲಿ ಓಡಾಡುವ ಹುಡುಗಿ, ನಮ್ಮ ಸೆಕ್ಷನ್ನಿನಲ್ಲಿ ಕೆಲಸವೂ ನಾಲಿಗೆಯೂ ಎರಡೂ ಚುರುಕಾಗಿರುವುದು ಅವಳೊಬ್ಬಳದೇ.

"ಸಾರ್, ಮೂತಿ ಚೆಕ್ ಔಟ್ ಆಗ್ತಿಲ್ಲ. ಯಾರೋ ತಗೊಂಡವ್ರೆ."

"ಯಾರಮ್ಮ ಆ ಮಹಾನುಭಾವ?"

"ಗಂಗಾಧರಯ್ಯ ಸಾರು."

"ಅವರು ರಿಟೈರ್ ಆಗಿ ಮೂರು ವರ್ಷ ಆಯ್ತು."

"ಅದು ನಂಗೂ ಗೊತ್ತು ಸಾರ್. ಬೀಳ್ಕೊಡುಗೆಗೆ ಹಾರ ತಂದಿದ್ದೇ ನಾನು. ವಾಲ್ಟಿಗೆ ಗೊತ್ತಿಲ್ಲ ಅನ್ಸುತ್ತೆ, ನೀವೇ ಬಂದು ಹೇಳಿ."

ಹೋಗಿ ನೋಡಿದೆ. ನಿಜ. ಗಂಗಾಧರಯ್ಯನವರ ಹೆಸರು, ತೆಗೆದುಕೊಂಡದ್ದು ಅವತ್ತೇ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ವಾಚ್‌ಮನ್ ಬಿಟ್ಟರೆ ಎರಡು ನಾಯಿ. ಯಾವ ಕಂಪ್ಯೂಟರಿನಿಂದ ಎಂಬ ಜಾಗದಲ್ಲಿ 'ಡಿಬಿ 2' ಎಂದಿತ್ತು. ನಮ್ಮ ಕಂಪ್ಯೂಟರುಗಳಿಗೆಲ್ಲ ಶಿಂಷಾ, ಜಯಮಂಗಲಿ ಎಂದು ನದಿಗಳ ಹೆಸರಿಟ್ಟಿದ್ದೇವೆ. ಡಿಬಿ ಎಂಬ ನದಿ ನಮ್ಮ ಜಿಲ್ಲೆಯಲ್ಲಿಲ್ಲ.

ಮುಂದಿನ ಐದು ದಿನಗಳ ವಿವರವನ್ನು ಸಂಕ್ಷೇಪಿಸುತ್ತೇನೆ, ನೆನೆದರೆ ಈಗಲೂ ರಕ್ತದೊತ್ತಡ ಏರುತ್ತದೆ. ಸರ್ವರ್ ಆರಿಸಿ ಹತ್ತಿಸಿದೆ. ಬ್ರಹ್ಮಾಸ್ತ್ರ ಪ್ರಯೋಗಿಸಿದೆ, 'ಬಳಕೆದಾರರು ಫೈಲಿನಲ್ಲಿ ಕೆಲಸ ಮಾಡುತ್ತಿದ್ದಾರೆ, ದಯವಿಟ್ಟು ಕಾಯಿರಿ' ಎಂಬ ವಿನಯಪೂರ್ವಕ ಉತ್ತರ ಬಂತು. ಅವರ ಬಂದ್ ಆದ ಖಾತೆಯನ್ನು ತೆರೆದು, ಹೊಸ ಪಾಸ್‌ವರ್ಡ್ ಕೊಟ್ಟು, ನಾನೇ ಅವರಾಗಿ ಒಳಹೊಕ್ಕು ಫೈಲನ್ನು ವಾಪಸ್ ಇಡಲು ನೋಡಿದೆ. 'ನೀವು ಬೇರೊಂದು ಕಡೆ ಕೆಲಸದಲ್ಲಿದ್ದೀರಿ' ಎಂದಿತು. ಐವತ್ತರ ನಂತರ ಮನುಷ್ಯನಿಗೆ ಈ ಅನುಮಾನ ಆಗಾಗ ಬರುತ್ತದೆ, ಆದರೆ ತಂತ್ರಾಂಶ ಹೇಳಬಾರದು.

ತಂತ್ರಾಂಶ ಮಾರಿದವರ ಬೆಂಗಳೂರಿನ ಸಹಾಯ ಕೇಂದ್ರಕ್ಕೆ ಫೋನ್ ಮಾಡಿದೆ. ಹುಡುಗನೊಬ್ಬ ಬಹಳ ಹುರುಪಿನಿಂದ ಮಾತಾಡಿದ.

"ಸರ್, ಸಿಂಪಲ್. ಆ ಯೂಸರ್‌ಗೇ ಚೆಕ್ ಇನ್ ಮಾಡೋಕೆ ಹೇಳಿ."

"ಅವರು ರಿಟೈರ್ ಆಗಿದಾರಪ್ಪ."

"ಹಾಗಾದ್ರೆ ಅವರ ಮ್ಯಾನೇಜರ್‌ಗೆ ಹೇಳಿ ಸರ್."

"ಅವರ ಮ್ಯಾನೇಜರ್ ನಾನೇ."

"ಸೂಪರ್ ಸರ್! ಹಾಗಾದ್ರೆ ನಿಮ್ ಕೈಯಲ್ಲೇ ಇದೆ."

ಹಬ್ಬದ ರಜೆ ಮುಗಿದ ಮೇಲೆ ಎಂಜಿನಿಯರನ್ನು ಕಳಿಸುತ್ತೇವೆ ಎಂದು ಹೇಳಿ, ನನ್ನ ಸಮಸ್ಯೆಗೆ ಹದಿನಾಲ್ಕು ಅಂಕಿಯ ಒಂದು ನಂಬರು ದಯಪಾಲಿಸಿ ಫೋನಿಟ್ಟ. ಅತ್ತ ಗುಬ್ಬಿಯಿಂದ ಬಸವರಾಜು ದಿನಕ್ಕೆರಡು ಸಲ, "ಏನ್ ಸಾರ್, ಮೂತಿ ಕೊಡ್ತೀರೋ, ಇಲ್ಲ ನಾನು ಹಬ್ಬಕ್ಕೆ ಯಾವ್ದಾದ್ರೂ ಗೇಟ್ ಕತ್ತರಿಸ್ಕಳ್ಲೋ?" ಎನ್ನುತ್ತಿದ್ದ. ಮಂಜುಳ, "ಬೇರೆ ನಂಬರಲ್ಲಿ ನಕಲು ಮಾಡ್ಬಿಡಣ ಸಾರ್" ಎಂದಳು. ಒಂದೇ ಭಾಗಕ್ಕೆ ಎರಡು ನಂಬರಾಗಿ ಹಿಂದೊಮ್ಮೆ ಒಂದು ಲಾರಿ ತಪ್ಪು ಮಾಲು ತಯಾರಾಗಿತ್ತು. ಇನ್ನು ಮುಂದೆ ಯಾರೂ ಹಾಗೆ ಮಾಡಕೂಡದೆಂದು ಸುತ್ತೋಲೆ ಹೊರಡಿಸಿ ಗೋಡೆಗೆ ಅಂಟಿಸಿದ್ದವನು ನಾನು. ಸ್ವಂತ ಸುತ್ತೋಲೆಯ ಕೆಳಗೆ ಕೂತು ಅದನ್ನು ಮುರಿಯುವಷ್ಟು ಧೈರ್ಯ ನನಗೆ ಬರಲಿಲ್ಲ.

"ಹಂಗಾದ್ರೆ ಗಂಗಾಧರಯ್ಯ ಸಾರನ್ನೇ ಒಂದ್ ಮಾತು ಕೇಳೋದಲ್ವಾ?" ಎಂದಳು. ಎಷ್ಟು ಸಲ ಮಾಡಿದರೂ ಅವರು ಫೋನೆತ್ತಲಿಲ್ಲ. ನನ್ನ ತಲೆಗೆ ಒಂದು ಸಮಾಧಾನದ ವಿವರಣೆ ಹೊಳೆದದ್ದು ಆಗ: ಯಾರೋ ನೆಂಟರ ಹುಡುಗ ಮುದುಕರಿಗೆ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದಾನೆ, ಅದರಲ್ಲಿ ನಮ್ಮ ವಾಲ್ಟಿಗೆ ಹೇಗೋ ಕಿಂಡಿ ಉಳಿದಿದೆ, ಇವರು ಬೇಸರ ಕಳೆಯಲು ಮೂತಿಯನ್ನು ತೆರೆದು ಕೂತಿದ್ದಾರೆ. ಹೋಗಿ ಮುಚ್ಚಿಸಿ ಬಂದರಾಯಿತು.

ಆಯುಧ ಪೂಜೆಯ ದಿನ ಕಾರ್ಖಾನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಪೂಜೆ ಮುಗಿಯಿತು. ಸರ್ವರನ್ನು ನಾನೇ ನನ್ನ ಕೈಯಾರೆ ಆರಿಸಿದೆ. ಮಂಜುಳ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸ್ವಿಚ್ಚಿನ ಮೇಲೆ ಒಂದು ಸೇವಂತಿಗೆ ಸಿಕ್ಕಿಸಿದಳು. ಒಂದು ಡ್ರಾಯಿಂಗು ಹೊರಗಿರುವಾಗಲೇ ನಡೆದ ಮೊದಲ ಪೂಜೆ ಅದು. ಪುರಿ ಕಡಲೆ ಜೇಬಿಗೆ ಸುರಿದುಕೊಂಡು, ಸರ್ವರ್ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನೂ ಜೇಬಿಗಿಳಿಸಿ ಕಾರು ಹತ್ತಿದೆ. ಹೆಬ್ಬೂರಿನ ಮೇಲೆ ಹಾದು ಕುಣಿಗಲ್ ತಲುಪಿದಾಗ ಹನ್ನೊಂದೂವರೆ. ಬೀದಿಯ ತುಂಬ ತೊಳೆದ ಸ್ಕೂಟರುಗಳು, ಒಡೆದ ಕುಂಬಳಕಾಯಿ.

ಬಾಗಿಲು ತೆಗೆದವರು ಅವರ ಹೆಂಡತಿ ಪಾರ್ವತಮ್ಮ. ನಾನು ಬಂದದ್ದಕ್ಕೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಬನ್ನಿ ಬನ್ನಿ. ನಿಮ್ ಕೆಲ್ಸನೇ ಇರ್ಬೇಕು, ನೀವೇ ಬುಡ್ಸಿ. ಐದ್ ದಿನದಿಂದ ಬೆಳಗಾನ ಆರ್ ಗಂಟೆಗೆ ಎದ್ದು ಅದುರ್ ಮುಂದೆ ನಿಂತ್ಕಂಡವ್ರೆ ಅಂದ್ರೆ ಊಟಕ್ ಕರದ್ರೂ ಬರಾಕಿಲ್ಲ. ಫೋನು ಹೊಡ್ಕಂಡ್ರೂ ಕೇಳ್ಸಾಕಿಲ್ಲ. ಇವತ್ ಹಬ್ಬ! ಸಾಮಾನು ದೇವ್ರ ಮುಂದೆ ಇಡಿ ಅಂದ್ರೆ ಇನ್ನೂ ಆಗಿಲ್ಲ ಅಂತರೆ. ಮದ್ವೆಯಾದ್ ಮ್ಯಾಲೆ ಇದೇ ಮೊದ್ಲು ಇಂಗ್ ಮಾಡಿದ್ದು."

'ಅದು' ಲ್ಯಾಪ್‌ಟಾಪ್ ಎಂದುಕೊಂಡೇ ನಾನು ನಡುಮನೆಯ ಪಕ್ಕದ ಕೋಣೆಗೆ ಹೋದೆ. ಲ್ಯಾಪ್‌ಟಾಪ್ ಇರಲಿಲ್ಲ. ಒಂದು ಡ್ರಾಯಿಂಗ್ ಬೋರ್ಡ್ ಇತ್ತು, ಬಾಗಿಲಿನಷ್ಟು ದೊಡ್ಡದು. ಕಂಪ್ಯೂಟರ್ ಬಂದ ಮೇಲೆ ಕಾರ್ಖಾನೆ ಬೋರ್ಡುಗಳನ್ನು ಗುಜರಿಗೆ ಹಾಕಿದಾಗ ಇವರು ಒಂದನ್ನು ತೂಕಕ್ಕೆ ಕೊಂಡು ತಂದಿದ್ದರಂತೆ. ಅದರ ಕಾಲಿನ ಮೇಲೆ ನಮ್ಮ ಸ್ಟೋರಿನವರು ಆ ಕಾಲದಲ್ಲಿ ಬಿಳಿ ಬಣ್ಣದಲ್ಲಿ ಬರೆದ ಗುರುತು ಹಾಗೆಯೇ ಇತ್ತು. ಡಿಬಿ 2.

ಡ್ರಾಯಿಂಗ್ ಬೋರ್ಡ್ ಎರಡು ಎಂದು ನಾನು ಬಿಡಿಸಿ ಓದಿಕೊಂಡೆ. ಗಂಗಾಧರಯ್ಯನವರು ಬನಿಯನ್ ಪಂಚೆಯಲ್ಲಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ರಬ್ಬರಿನ ಪುಡಿಯನ್ನು ಕೈಯಿಂದ ಸವರುತ್ತಿದ್ದರು. ಬೋರ್ಡಿನ ಮೇಲಿದ್ದದ್ದು ಮೂತಿ, ನಿಜವಾದ ಅಳತೆಯಲ್ಲಿ, ಪೆನ್ಸಿಲಿನಲ್ಲಿ. ಒಂದು ಜಾಗದಲ್ಲಿ ಉಜ್ಜಿ ಉಜ್ಜಿ ಕಾಗದ ಈರುಳ್ಳಿ ಸಿಪ್ಪೆಯಾಗಿತ್ತು.

"ಬನ್ನಿ ಸಾರ್, ಒಳ್ಳೆ ಟೈಮಿಗೆ ಬಂದ್ರಿ," ಎಂದರು, ನಿನ್ನೆ ತಾನೆ ಆಫೀಸಿನಲ್ಲಿ ಕಂಡವರಂತೆ. "ನಂಗೇನೋ ಕಣ್ಣು ಮೋಸ ಮಾಡ್ತೈತೆ. ಸುಮ್ನೆ ಕೂತಿದ್ದಾಗ ಈ ಮೂತಿ ಒಂದ್ಸಲ ಬರ್ಯನ ಅನ್ನಿಸ್ತು. ಏಳುನೂರೈವತ್ತು ಅಂತ ಅಳದು ಗುರುತು ಮಾಡಿ ಗೆರೆ ಎಳೀತೀನಿ. ಎಳದ್ ಮೇಲೆ ಅಳದ್ರೆ ಆರುನೂರೈವತ್ತು. ಅಳಸ್ತೀನಿ, ಎಳೀತೀನಿ, ಮತ್ತೆ ಆರುನೂರೈವತ್ತು. ಐದ್ ದಿನ ಆಯ್ತು ಸಾರ್. ನೀವೊಂದ್ಸಲ ಅಳೀರಿ."

ಮೂತಿಯನ್ನು ಗಿಡ್ಡ ಮಾಡುವ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಮಾಲೀಕರು, ಮಂಜುಳ, ಬಸವರಾಜು, ನಾನು, ಇಷ್ಟು ಜನಕ್ಕೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸ್ಕೇಲನ್ನು ತೆಗೆದುಕೊಂಡು ಅಳೆದೆ. ಆರುನೂರ ಐವತ್ತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ನನ್ನ ಜೇಬಿನಲ್ಲಿದ್ದ ಟೇಪಿನಿಂದಲೂ ಅಳೆದೆ. ಅಷ್ಟೇ.

"ಅಷ್ಟಿದ್ದರೆ ಏನಾಗುತ್ತೆ ಗಂಗಾಧರಯ್ಯನವರೇ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಕಳ್ಳನ ಧ್ವನಿಯಂತೆ ಕೇಳಿಸಿತು. "ನಿಯಮಕ್ಕಿಂತ ಜಾಸ್ತೀನೇ ಇದೆಯಲ್ಲ?"

ಅವರು ಸ್ಕೇಲನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಒಳಗೆ ಕೂಗಿದರು. "ಲೇ ಪಾರ್ವತೀ, ಬಾರೆ ಇಲ್ಲಿ. ಕೈ ಕೊಡು."

"ಒಲೆ ಮ್ಯಾಲೆ ಒಬ್ಬಟ್ಟೈತೆ ಕಣ್ರೀ!"

"ಒಬ್ಬಟ್ಟು ಎಲ್ಲೂ ಹೋಗಾಕಿಲ್ಲ, ಬಾ."

ಪಾರ್ವತಮ್ಮ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದರು. ಇದು ಅವರಿಗೆ ಹೊಸದಲ್ಲವೆಂದು ಕಂಡಿತು. ಏನೂ ಹೇಳಿಸಿಕೊಳ್ಳದೆಯೇ ಬೋರ್ಡಿನ ಪಕ್ಕಕ್ಕೆ ನಿಂತು, ಕಂಕುಳನ್ನು ಮೂತಿಯ ಬಾಯಿಯ ಗೆರೆಗೆ ಒತ್ತಿ, ಕೈಯನ್ನು ಚಿತ್ರದ ಮೇಲೆ ಉದ್ದಕ್ಕೆ ಚಾಚಿದರು. ಹುಲ್ಲು ತಳ್ಳುವ ಹೆಂಗಸು ಅವಸರದಲ್ಲಿ ಭುಜದವರೆಗೂ ಕೈ ತೂರಿಸಿದಂತೆ. ಹಸಿರು ಗಾಜಿನ ಬಳೆಗಳು ಕಾಗದದ ಮೇಲೆ ಸದ್ದು ಮಾಡಿದವು. ಬೆರಳ ತುದಿಗಳು ಮೂತಿಯ ಕೊನೆಯ ಗೆರೆ ದಾಟಿ, ರೋಲರಿನ ವೃತ್ತದೊಳಗೆ ಎರಡು ಬೆರಳಿನಗಲ ಹೋಗಿ ನಿಂತವು.

"ಮೊದ್ಲು ಈ ಮಷೀನು ಮಾಡ್ದಾಗ ಇವ್ಳದೂ, ಇವ್ಳ ಅಕ್ಕಂದೂ, ಬೀದಿ ಹೆಂಗುಸ್ರದ್ದೆಲ್ಲಾ ಕೈ ಅಳ್ದಿದ್ದೆ ಸಾರ್," ಎಂದರು ಗಂಗಾಧರಯ್ಯನವರು. "ಪುಸ್ತಕದಾಗೆ ಯಾರ್ ಕೈ ಅಳ್ದವ್ರೋ ನಂಗ್ ಗೊತ್ತಿಲ್ಲ. ದನದ್ ಕೊಟ್ಟಿಗೇಲಿ ಹುಲ್ಲು ಹಾಕಾದು ಇವ್ರು."

"ಅದನ್ನು ಡ್ರಾಯಿಂಗಿನಲ್ಲಿ ಬರೆಯಬೇಕಿತ್ತು" ಎಂದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಬರ್ಯೋದೇನೈತೆ ಸಾರ್? ಏಳುನೂರೈವತ್ತು ಅಂತ ಬರ್ದಿದ್ನಲ್ಲ."

ಪಾರ್ವತಮ್ಮ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಆ ನಾಲ್ಕು ಬೆರಳುಗಳನ್ನು ನೋಡುತ್ತ, ಒಂದು ತಗಡಿಗೆ ನಾಲ್ಕು ಎಂದು ಮಾಲೀಕರ ಮುಂದೆ ನಾನು ಎತ್ತಿ ತೋರಿಸಿದ್ದೂ ನಾಲ್ಕು ಬೆರಳೇ ಎಂಬುದು ನೆನಪಾಯಿತು.

"ಏಳುನೂರ ಐವತ್ತೇ ಇರಲಿ ಗಂಗಾಧರಯ್ಯನವರೇ. ನಾನು ಬದಲಾಯಿಸೋದಿಲ್ಲ" ಎಂದೆ.

ಯಾಕೆ ಬದಲಾಯಿಸುತ್ತಿದ್ದಿರಿ ಎಂದು ಅವರು ಕೇಳಲಿಲ್ಲ. ಹೆಂಡತಿಯ ಕೈ ಸರಿಸಿ, ಹಳೆಯ ಗೆರೆ ಅಳಿಸಿ, ಅಳೆದು, ಗುರುತು ಮಾಡಿ, ಹೊಸದಾಗಿ ಎಳೆದರು. ಸ್ಕೇಲನ್ನು ನನ್ನ ಕೈಗೆ ಕೊಟ್ಟರು. ಅಳೆದೆ. ಏಳುನೂರ ಐವತ್ತು.

"ಹಾ. ಈಗ ಇಡ್ಬೋದು," ಎಂದು ಪೆನ್ಸಿಲು, ಸ್ಕೇಲು, ಮೂಲೆಮಟ್ಟ, ಕೈವಾರ ಎಲ್ಲವನ್ನೂ ಎರಡೂ ಕೈಯಲ್ಲಿ ಬಾಚಿಕೊಂಡು ಹೋಗಿ ದೇವರ ಮುಂದೆ ಮಣೆಯ ಮೇಲಿಟ್ಟರು. ಪಾರ್ವತಮ್ಮ, "ಅಬ್ಬ, ಗ್ರಹ ಬುಡ್ತು" ಎಂದು ಕುಂಕುಮದ ಬಟ್ಟಲು ತಂದರು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಹನ್ನೆರಡು ಗಂಟೆ ಎಂಟು ನಿಮಿಷ.

ಪಾರ್ವತಮ್ಮ ಒಬ್ಬಟ್ಟು ತಿನ್ನಿಸದೆ ಬಿಡಲಿಲ್ಲ. ತಿಂದು, ತುಪ್ಪ ಬೇಡವೆಂದರೂ ಹಾಕಿಸಿಕೊಂಡು, ಮೂರು ಗಂಟೆಗೆ ಹಿರೇಹಳ್ಳಿಗೆ ವಾಪಸ್ ಬಂದೆ. ಸರ್ವರ್ ಕೋಣೆಯ ಬೀಗ ಹಾಕಿದಂತೆಯೇ ಇತ್ತು. ಬಾಳೆಕಂದು ಬಾಡಿತ್ತು, ಸ್ವಿಚ್ಚಿನ ಮೇಲೆ ಸೇವಂತಿಗೆ ಇಟ್ಟಲ್ಲೇ ಇತ್ತು. ಪೂಜೆಯಾದ ಆಯುಧವನ್ನು ಅವತ್ತೇ ಮುಟ್ಟಬಾರದು. ತಾಯಿ ಚಾಮುಂಡಿ ಕ್ಷಮಿಸಲಿ ಎಂದು, ದೇವರನ್ನು ಅಷ್ಟಾಗಿ ನಂಬದ ನಾನು ಗಟ್ಟಿಯಾಗಿಯೇ ಹೇಳಿ ಹೂವನ್ನು ತೆಗೆದಿಟ್ಟು ಸರ್ವರ್ ಹತ್ತಿಸಿದೆ.

ಮೂತಿ ಒಳಗಿತ್ತು. ಯಾರ ಹೆಸರಿನಲ್ಲೂ ಇರಲಿಲ್ಲ. ಫೈಲಿನ ಚರಿತ್ರೆ ತೆಗೆದು ನೋಡಿದೆ. ವಾಪಸ್ ಇಟ್ಟವರು ಗಂಗಾಧರಯ್ಯ, ಡಿಬಿ 2ರಿಂದ, ಅವತ್ತು ಮಧ್ಯಾಹ್ನ ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಆ ಸರ್ವರಿಗೆ ಕರೆಂಟೇ ಇರಲಿಲ್ಲ. ಡ್ರಾಯಿಂಗಿನ ಆವೃತ್ತಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿತ್ತು. ಏನು ಬದಲಾಗಿದೆಯೆಂದು ಹಳೆಯದನ್ನೂ ಹೊಸದನ್ನೂ ಒಂದರ ಮೇಲೊಂದಿಟ್ಟು ಗೆರೆಗೆ ಗೆರೆ ಹೋಲಿಸಿದೆ. ಏನೂ ಇಲ್ಲ.

ಡ್ರಾಯಿಂಗನ್ನು ತೆಗೆದು ಮೂತಿಯ ಉದ್ದದ ಪಕ್ಕದಲ್ಲಿ 'ಕೈಯ ರಕ್ಷಣೆಗಾಗಿ. ಕಡಿಮೆ ಮಾಡಬಾರದು' ಎಂದು ಒಂದು ಸಾಲು ಸೇರಿಸಿ, ಗುಬ್ಬಿಗೆ ಕಳಿಸಿದೆ. ಚೆಕ್ ಔಟ್ ಬೆಣ್ಣೆಯಂತೆ ಆಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಬಸವರಾಜು ತಕ್ಷಣ ಫೋನ್ ಮಾಡಿದ.

"ಸಾರ್, ಇದು ಹಳೇದೇ ಅಲ್ವಾ? ಇದುಕ್ಕಾ ಆರ್ ದಿನ ಹೆರಿಗೆ ನೋವು ತಿಂದಿದ್ದು?"

ಮಾಲೀಕರ ಮುಂದೆ ನಿಂತು ನನ್ನ ಲೆಕ್ಕವನ್ನು ನಾನೇ ತಪ್ಪೆಂದು ಹೇಳಬೇಕಾಯಿತು. ಕೈಗಳ ಉದ್ದದ ವಿಷಯ ಹೇಳಿದೆ. ಅವರು ತಮ್ಮ ಹೆಂಡತಿಗೆ ಫೋನ್ ಮಾಡಿ ಕೈ ಅಳೆಸಿ, ಅಳತೆ ಬರೆದುಕೊಂಡು, "ಸರಿ ಹೋಗ್ರೀ" ಎಂದರು. ಡಿಬಿ 2ರ ವಿಷಯ ನಾನು ಹೇಳಲಿಲ್ಲ. ಪಿಂಚಣಿ ಹತ್ತಿರವಿರುವಾಗ ಮನುಷ್ಯ ಎಚ್ಚರದಿಂದಿರಬೇಕು.

ವಿಚಾರ ಮಾಡದೆ ಬಿಟ್ಟಿದ್ದೇನೆಂದು ತಿಳಿಯಬೇಡಿ. ಸರ್ವರಿನ ಗಡಿಯಾರ ಕೆಟ್ಟಿರಬಹುದು ಎಂದು ಪರೀಕ್ಷಿಸಿದೆ. ಸೆಕೆಂಡಿಗೆ ಸೆಕೆಂಡು ಸರಿಯಿತ್ತು. ಮಂಜುಳ ಆಟವಾಡಿರಬಹುದೆಂದು ಕೇಳಿದೆ. "ನನಗೆ ಅಷ್ಟು ಬರೋ ಹಂಗಿದ್ರೆ ಮೊದ್ಲು ನನ್ ಸಂಬ್ಳ ತಿದ್ಕೊಳ್ತಿದ್ದೆ ಸಾರ್" ಎಂದಳು, ಅದು ನ್ಯಾಯವಾದ ಉತ್ತರ. ಗುಜರಿಗೆ ಹೋದ ಬೋರ್ಡಿನ ಹೆಸರು ಹಳೆಯ ಪಟ್ಟಿಯಿಂದ ವಾಲ್ಟಿಗೆ ನುಸುಳಿರಬಹುದೆಂದು ಹುಡುಕಿದೆ. ಬೋರ್ಡುಗಳ ಪಟ್ಟಿ ಕಂಪ್ಯೂಟರಿಗೆ ಏರಿಯೇ ಇರಲಿಲ್ಲ. ಗಂಗಾಧರಯ್ಯನವರು ನನ್ನ ಕಣ್ಣೆದುರು ಎಳೆದ ಗೆರೆಯ ವಿಷಯದಲ್ಲಿ ಎಲ್ಲಿಂದ ಪರೀಕ್ಷೆ ಆರಂಭಿಸಬೇಕೆಂದೇ ತಿಳಿಯಲಿಲ್ಲ. ಅವರನ್ನೇ ಕೇಳಿದ್ದಕ್ಕೆ, "ನಂಗೇನ್ ಗೊತ್ತು ಸಾರ್, ನಾನು ಪೆನ್ಸಿಲ್ ಇಟ್ಟೆ ಅಷ್ಟೇ" ಎಂದರು. ಈಗಲೂ ಚೆನ್ನಾಗಿದ್ದಾರೆ. ಆ ಮೇಲೆ ಮೂತಿಯನ್ನು ಬರೆಯಬೇಕು ಅನ್ನಿಸಿಲ್ಲವಂತೆ.

ಹಬ್ಬ ಕಳೆದು ಬೆಂಗಳೂರಿನಿಂದ ಎಂಜಿನಿಯರು ಬಂದ. ಫೈಲಿನ ಚರಿತ್ರೆಯನ್ನು ಬಹಳ ಹೊತ್ತು ನೋಡಿದ. "ಸರ್, ಇದು ಆಗೋಕೆ ಸಾಧ್ಯ ಇಲ್ಲ" ಎಂದ. ನಾನೂ ಒಪ್ಪಿದೆ. ಆಗಿದೆಯಲ್ಲ ಎಂದು ಕೇಳಿದಾಗ ಇನ್ನೊಮ್ಮೆ ನೋಡಿ ಅದನ್ನೇ ಹೇಳಿದ. ಸಮಸ್ಯೆ ಬಗೆಹರಿದಿದೆ ಎಂದು ಬರೆದು, ನನ್ನ ಸಹಿ ತೆಗೆದುಕೊಂಡು, ಕಾಫಿ ಕುಡಿದು ಹೋದ.

ಕಳೆದ ತಿಂಗಳು ಅದೇ ಕಂಪನಿಯವರು ವಾಲ್ಟಿನ ಹೊಸ ಆವೃತ್ತಿ ತಂದಿದ್ದಾರೆ. ಕೆಲಸ ಬಿಟ್ಟವರ, ಖಾತೆ ಬಂದ್ ಆದವರ ಹೆಸರಿನಲ್ಲಿ ಫೈಲು ಸಿಕ್ಕಿಕೊಂಡರೆ ಅದು ಯಾರನ್ನೂ ಕೇಳದೆ ತಾನೇ ಬಿಡಿಸಿಬಿಡುತ್ತದಂತೆ. ಇಂಥದ್ದು ಬೇಕೆಂದು ನಾನು ಜೀವನಪೂರ್ತಿ ಹಲುಬಿದವನು; ಆ ಹಬ್ಬಕ್ಕೆ ಮುಂಚೆಯೇ ಬಂದಿದ್ದರೆ ಮೂತಿ ಹತ್ತು ನಿಮಿಷದಲ್ಲಿ ಗಿಡ್ಡವಾಗುತ್ತಿತ್ತು. ಒಪ್ಪಿಗೆಯ ಕಾಗದ ನನ್ನ ಮೇಜಿನ ಮೇಲಿದೆ, ಸಹಿಯಾಗಿಲ್ಲ. ಮಾಲೀಕರು ಮೂರು ಸಲ ಕೇಳಿದರು. ಬೇಡವಾದರೆ ಬೇಡವೆಂದು ಬರೆದುಕೊಡಿ, ಕಾರಣ ತಿಳಿಸಿ ಎಂದಿದ್ದಾರೆ. ಕಾಗದದ ಕೆಳಗೆ ಕಾರಣಕ್ಕೆಂದೇ ಎರಡು ಸಾಲಿನ ಜಾಗವಿದೆ. ಇವತ್ತು ಬೆಳಿಗ್ಗೆ ಕೂಡ ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಕೂತಿದ್ದೆ. ಮತ್ತೆ ಮುಚ್ಚಿದೆ.